ಲೆಕ್ಕಕ್ಕೆ ಸಿಗದ ನೋವು

ಸಂಜೆ ಪಾಳಿ ಬಿಡುವ ಹೊತ್ತಿಗೆ ಪೀಣ್ಯದ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ವೈದ್ಯರ ಚೀಟಿ ಇಲ್ಲದೆಯೇ ಜನ ಕೇಳಿ ಪಡೆಯುವ ವಸ್ತುಗಳಲ್ಲಿ ನೋವಿನ ಮಾತ್ರೆ, ಹಚ್ಚುವ ಮುಲಾಮು, ಸೊಂಟಕ್ಕೆ ಕಟ್ಟುವ ಪಟ್ಟಿ ಇದ್ದೇ ಇರುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡತೋಗೂರಿನಲ್ಲಾಗಲಿ, ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯಲ್ಲಾಗಲಿ ನೋಟ ಬೇರೆಯೇನಲ್ಲ. ಒಬ್ಬರಿಗೆ ಸೊಂಟ ಹಿಡಿದುಕೊಂಡಿದೆ, ಇನ್ನೊಬ್ಬರಿಗೆ ಕತ್ತು ತಿರುಗಿಸಲಾಗುತ್ತಿಲ್ಲ, ಮತ್ತೊಬ್ಬರಿಗೆ ಭುಜದ ಸೆಳೆತ. ಎರಡು ದಿನದಲ್ಲಿ ವಾಸಿಯಾಗುವ ನೋವಾದರೆ ಚಿಂತೆಯಿಲ್ಲ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಜೊತೆಗೇ ಬದುಕುವ ನೋವೂ ಇದೆ. ಅದು ಯಾರಿಗೆ ಹೆಚ್ಚು? ಯಾವ ವಯಸ್ಸಿನಲ್ಲಿ? ಯಾವ ಕೆಲಸದವರಿಗೆ? ಜ್ವರ, ಕೆಮ್ಮು, ಕಾಮಾಲೆಗಳ ಲೆಕ್ಕ ಇಡುವ ನಾವು ಈ ನೋವಿನ ಲೆಕ್ಕವನ್ನು ಸರಿಯಾಗಿ ಇಟ್ಟಿದ್ದೇವೆಯೇ?

ಮೂರು ತಿಂಗಳ ಗೆರೆ

ವೈದ್ಯವಿಜ್ಞಾನ ನೋವನ್ನು ಎರಡಾಗಿ ವಿಂಗಡಿಸುತ್ತದೆ. ಬಿದ್ದಾಗ, ಸುಟ್ಟಾಗ, ಕೊಯ್ದಾಗ ಬರುವುದು ತತ್ಕಾಲದ ನೋವು. ಗಾಯ ಮಾಗಿದಂತೆ ಅದೂ ಹೋಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವುದು ಅಥವಾ ಮರಳಿ ಮರಳಿ ಬರುವುದು ದೀರ್ಘಕಾಲದ ನೋವು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ, ಈ ನೋವಿಗೆ ಅದರದೇ ಆದ ಸ್ಥಾನ ಸಿಕ್ಕಿತು. ಬೇರೊಂದು ಕಾಯಿಲೆಯ ಲಕ್ಷಣವಾಗಿ ಮಾತ್ರವಲ್ಲ, ತಾನೇ ಒಂದು ಕಾಯಿಲೆಯಾಗಿಯೂ ನೋವು ಇರಬಲ್ಲದು ಎಂದು ಒಪ್ಪಿದಂತಾಯಿತು.

ಇಲ್ಲಿಗೆ ತಲುಪಲು ಬಹಳ ಕಾಲ ಹಿಡಿಯಿತು. ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೊನಿಕಾ ಓದಿನ ಖರ್ಚಿಗಾಗಿ ಕುಸ್ತಿ ಆಡುತ್ತಿದ್ದವರು. ಆ ಪೆಟ್ಟುಗಳ ನೋವು ಅವರನ್ನು ಬದುಕಿನುದ್ದಕ್ಕೂ ಕಾಡಿತು. ನೋವಿನ ಅಧ್ಯಯನಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಘ 1973ರಲ್ಲಿ ಹುಟ್ಟಿಕೊಂಡದ್ದು ಅವರ ಪ್ರಯತ್ನದಿಂದ.

ನಿಲ್ಲದ ಕರೆಗಂಟೆ

ಕಾದ ಪಾತ್ರೆಗೆ ಬೆರಳು ತಗುಲಿದ ಕ್ಷಣವನ್ನು ನೆನಪಿಸಿಕೊಳ್ಳಿ. ಮೊದಲು ಚುರುಕ್ಕೆಂದು ಚುಚ್ಚುತ್ತದೆ, ಅರೆಕ್ಷಣ ಕಳೆದು ಉರಿ ನಿಧಾನವಾಗಿ ಹರಡುತ್ತದೆ. ಕಾರಣವಿಷ್ಟೆ: ನೋವಿನ ಸುದ್ದಿ ಒಯ್ಯುವ ನರತಂತುಗಳಲ್ಲಿ ಎರಡು ಬಗೆ. ತೆಳುವಾದ ಹೊದಿಕೆಯುಳ್ಳ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸಾಗುತ್ತದೆ. ಹೊದಿಕೆಯಿಲ್ಲದ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ಕೂಡ ದಾಟುವುದು ಕಷ್ಟ.

ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಮಿದುಳುಬಳ್ಳಿಯಲ್ಲಿ ಅದಕ್ಕೊಂದು ಬಾಗಿಲು ಇದ್ದಂತಿದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಏಟು ಬಿದ್ದ ಜಾಗವನ್ನು ಕೈ ತಾನಾಗಿಯೇ ಉಜ್ಜುತ್ತದಲ್ಲವೇ? ಉಜ್ಜಿದ ಸ್ಪರ್ಶದ ಸುದ್ದಿ ಆ ಬಾಗಿಲನ್ನು ಸ್ವಲ್ಪ ಮುಚ್ಚುತ್ತದೆ, ನೋವು ಕಡಿಮೆ ಎನಿಸುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು. ಒಂದೇ ನೋವಿನ ಸುದ್ದಿ ದಿನವೂ ಬಂದು ಬಡಿಯುತ್ತಿದ್ದರೆ ನರಮಂಡಲ ಅತಿಸೂಕ್ಷ್ಮವಾಗುತ್ತದೆ. ಸಣ್ಣ ಒತ್ತಡಕ್ಕೂ ದೊಡ್ಡ ನೋವು ಎನಿಸತೊಡಗುತ್ತದೆ. ಮನೆಗೆ ಬಂದವರು ಹೊರಟುಹೋದರೂ ಬಡಿಯುತ್ತಲೇ ಇರುವ ಕರೆಗಂಟೆಯಂತೆ, ಗಾಯ ಮಾಗಿದ ಮೇಲೂ ನೋವು ಉಳಿಯುವುದು ಹೀಗೆ.

ಆದ್ದರಿಂದಲೇ ಚಿತ್ರಕ್ಕೂ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಇಪ್ಪತ್ತರ ಹರೆಯದವರಲ್ಲೇ ಶೇ 37 ಮಂದಿಯ ಬೆನ್ನುಮೂಳೆಯ ಡಿಸ್ಕ್‌ಗಳಲ್ಲಿ ಸವಕಳಿ ಕಾಣಿಸುತ್ತದೆ. ಎಂಬತ್ತರ ವಯಸ್ಸಿನಲ್ಲಿ ಇದು ಶೇ 96. ಅವರಾರಿಗೂ ನೋವಿಲ್ಲ! ಇನ್ನೊಂದು ಕಡೆ, ಚಿತ್ರದಲ್ಲಿ ಏನೂ ಕಾಣದೆಯೂ ನಿಜವಾಗಿ ನರಳುವವರಿದ್ದಾರೆ. ‘ಎಕ್ಸ್‌ರೇ ಸರಿಯಾಗಿದೆ, ಇವಳದು ಬರೀ ನೆಪ’ ಎಂಬ ಮಾತು ಮನೆಗಳಲ್ಲಿ ಕೇಳಿಬಂದರೆ ಅದಕ್ಕೆ ವಿಜ್ಞಾನದ ಬೆಂಬಲವಿಲ್ಲ.

ಯಾರಿಗೆ ಹೆಚ್ಚು?

ಜಗತ್ತಿನಲ್ಲಿ ಜನರನ್ನು ಅತಿ ಹೆಚ್ಚು ವರ್ಷ ಅಶಕ್ತರನ್ನಾಗಿಸುವ ತೊಂದರೆ ಯಾವುದು? ಹೃದ್ರೋಗವಲ್ಲ, ಸಕ್ಕರೆ ಕಾಯಿಲೆಯಲ್ಲ. ಅದು ಸೊಂಟನೋವು. 2020ರಲ್ಲಿ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರು. 2050ರ ವೇಳೆಗೆ ಈ ಸಂಖ್ಯೆ 84 ಕೋಟಿ ದಾಟಬಹುದೆಂಬ ಅಂದಾಜಿದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಅತಿ ಹೆಚ್ಚು ಪ್ರಕರಣಗಳು ಕಾಣುವುದು 50ರಿಂದ 55ರ ವಯಸ್ಸಿನಲ್ಲಿ.

ಭಾರತದಲ್ಲಿ 2017-18ರಲ್ಲಿ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ ವೃದ್ಧಾಪ್ಯದ ಸಮೀಕ್ಷೆಯೊಂದು ನಡೆಯಿತು. ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸಿತು. ‘ನೋವು ಆಗಾಗ ಕಾಡುತ್ತದೆ’ ಎಂದವರು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಅವರಲ್ಲೂ ಹೆಂಗಸರ ಪಾಲು, ಹಳ್ಳಿಗಳ ಪಾಲು ಮುಂದು.

ಬೆಂಗಳೂರಿನದೇ ಒಂದು ಲೆಕ್ಕವೂ ಇದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 18ರಿಂದ 65 ವರ್ಷದ 2,329 ಮಂದಿಯನ್ನು ತಲೆನೋವಿನ ಬಗ್ಗೆ ವಿಚಾರಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ಶೇ 63.9. ಮೈಗ್ರೇನ್ ಎಂಬ ತೀವ್ರ ಅರೆತಲೆನೋವೇ ನಾಲ್ವರಲ್ಲಿ ಒಬ್ಬರಿಗೆ ಇತ್ತು. ಇದು ಸಹ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಗದ್ದಲದ ನಗರಕ್ಕಿಂತ ಹಳ್ಳಿಯಲ್ಲೇ ಮೈಗ್ರೇನ್ ಹೆಚ್ಚಾಗಿ ಕಂಡಿತು.

ಹೆಣ್ಣು, ಹೆಚ್ಚಿನ ವಯಸ್ಸು, ಮೈಮುರಿಯುವ ಕೆಲಸ, ತೆಳ್ಳಗಿನ ಜೇಬು: ಎಲ್ಲಿ ಎಣಿಸಿದರೂ ನೋವು ಈ ಕಡೆಗೇ ವಾಲುತ್ತದೆ.

ಮೂರು ವಲಯ, ಮೂರು ಭಂಗಿ

ಬೆಂಗಳೂರಿನ ಹೊರವಲಯದ ಈ ಮೂರು ಪ್ರದೇಶಗಳು ಬೇರೆ ಬೇರೆ ಕಾಲದಲ್ಲಿ ಬೆಳೆದವು. ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದಲ್ಲಿ. ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು 1978ರಲ್ಲಿ. ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ಆರಂಭವಾದದ್ದು 1990ರ ದಶಕದಲ್ಲಿ. ಊರಿಗೆ ವಯಸ್ಸಾದಂತೆ ಅಲ್ಲಿ ದುಡಿದವರಿಗೂ ವಯಸ್ಸಾಗುತ್ತದೆ. ಪೀಣ್ಯದ ಮೊದಲ ತಲೆಮಾರಿನ ಕಾರ್ಮಿಕರು ಅರವತ್ತು ದಾಟಿದ್ದಾರೆ. ಐಟಿ ಪಾರ್ಕಿನ ಆರಂಭದ ದಿನಗಳಲ್ಲಿ ಪದವಿ ಮುಗಿಸಿ ಸೇರಿದ ಎಂಜಿನಿಯರುಗಳು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಸೊಂಟನೋವಿನ ಲೆಕ್ಕದಲ್ಲಿ ಅತಿ ಎತ್ತರದ ಮೆಟ್ಟಿಲು ಅದೇ ಎಂಬುದನ್ನು ಗಮನಿಸಬೇಕು.

ಕೆಲಸದ ಭಂಗಿಗಳೂ ಬೇರೆ ಬೇರೆ. ಲೇತ್, ಪ್ರೆಸ್ ಯಂತ್ರಗಳ ಮುಂದೆ ದುಡಿಯುವವರು ಪಾಳಿ ಪೂರ್ತಿ ನಿಂತೇ ಇರುತ್ತಾರೆ, ಭಾರ ಎತ್ತುತ್ತಾರೆ, ಒಂದೇ ಕಡೆಗೆ ಸೊಂಟ ತಿರುಗಿಸುತ್ತಾರೆ. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಹುಪಾಲು ಹೆಂಗಸರು. ಹೊಲಿಗೆ ಯಂತ್ರದ ಮೇಲೆ ಬಾಗಿ ಕೂತ ಟೈಲರ್‌ಗೆ ಕತ್ತು, ಭುಜ, ಬೆನ್ನು; ದಿನವಿಡೀ ನಿಂತು ಇಸ್ತ್ರಿ ಹಾಕುವವರಿಗೆ, ಚೆಕಿಂಗ್ ಮಾಡುವವರಿಗೆ ಮಂಡಿ ಮತ್ತು ಮೀನಖಂಡ. ಒಂದೇ ತೋಳು, ಒಂದೇ ಕಾಲರು, ಗಂಟೆಗೆ ಇಷ್ಟು ಎಂಬ ಟಾರ್ಗೆಟ್. ಮನೆಗೆ ಬಂದ ಮೇಲೆ ನೀರು ತುಂಬುವುದು, ಅಡುಗೆ, ಬಟ್ಟೆ. ಗಂಡಸಿಗೆ ಒಂದು ಪಾಳಿಯಾದರೆ ಹೆಂಗಸಿಗೆ ಎರಡು.

ತಂಪಾದ ಕಚೇರಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತವರಿಗೆ ಏನು ಕಷ್ಟ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ಬಗ್ಗೆ ನಡೆದ ಅಧ್ಯಯನಗಳಲ್ಲಿ ಕತ್ತು, ಸೊಂಟ, ಭುಜಗಳ ನೋವೇ ಮುಂಚೂಣಿಯಲ್ಲಿದೆ. ಇಲ್ಲಿ ಭೌತವಿಜ್ಞಾನದ ಸನ್ನೆಕೋಲು ನೆನಪಾಗಬೇಕು. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೊ. ತಲೆ ನೆಟ್ಟಗಿದ್ದಾಗ ಅದರ ಭಾರ ಬೆನ್ನುಮೂಳೆಯ ಮೇಲೆ ನೇರವಾಗಿ ಇಳಿಯುತ್ತದೆ. ಮುಂದಕ್ಕೆ ಬಾಗಿದಾಗ ಅದನ್ನು ಹಿಡಿದಿಡಲು ಕತ್ತಿನ ಹಿಂದಿನ ಸ್ನಾಯುಗಳು ಎಳೆಯಬೇಕು. 60 ಡಿಗ್ರಿ ಬಾಗಿದರೆ ಕತ್ತಿನ ಮೇಲಿನ ಒತ್ತಡ ಸುಮಾರು 27 ಕಿಲೊ ಆಗುತ್ತದೆಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದರು. ಹಾಗೆಂದು ಬಾಗಿದವರಿಗೆಲ್ಲ ನೋವು ಬರುವುದಿಲ್ಲ. ಬಾಗುವುದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಗಂಟೆಗಟ್ಟಲೆ ಅಲುಗಾಡದೆ ಒಂದೇ ಭಂಗಿಯಲ್ಲಿರುವುದು. ಅದರ ಜೊತೆಗೆ ಕಡಿಮೆ ನಿದ್ದೆ, ಕೆಲಸ ಹೋದೀತೆಂಬ ಚಿಂತೆ ಸೇರಿದರೆ ನೋವು ಬೇರೂರುತ್ತದೆ.

ಇದು ಹೊಸ ಮಾತಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥ ಬರೆದ. ರೋಗಿಯನ್ನು ನೋಡುವಾಗ ‘ನಿನ್ನ ಕಸುಬೇನು’ ಎಂದು ತಪ್ಪದೆ ಕೇಳಬೇಕೆಂದು ವೈದ್ಯರಿಗೆ ಹೇಳಿದ. ಬರಹಗಾರ ಗುಮಾಸ್ತರ ಕೈನೋವಿಗೆ ಅವನು ಕೊಟ್ಟ ಕಾರಣ ಮೂರು: ಸದಾ ಕೂತಿರುವುದು, ಕೈಯ ಒಂದೇ ಚಲನೆ, ಲೆಕ್ಕ ತಪ್ಪಬಾರದೆಂಬ ಮನಸ್ಸಿನ ಒತ್ತಡ. ಮುನ್ನೂರು ವರ್ಷಗಳ ಹಿಂದಿನ ಈ ವಿವರಣೆ ಇಂದಿನ ಕೀಲಿಮಣೆಗೂ ಹೊಂದುತ್ತದೆ.

ಗೇಟು ದಾಟಿ ಹೋದವರು

ಹಾಗಾದರೆ ಕಾರ್ಖಾನೆಯೊಳಗೆ ಹೋಗಿ ಎಣಿಸಿದರೆ ನೋವಿನ ಲೆಕ್ಕ ಸಿಗುತ್ತದೆಯೇ? ಇಲ್ಲಿಯೇ ಅಂಕಿಸಂಖ್ಯೆಗಳು ಮೋಸ ಮಾಡುವುದು.

ಒಂದು ಊಹೆಯ ಲೆಕ್ಕ ನೋಡಿ. ಒಂದು ಕಾರ್ಖಾನೆಗೆ ಇಪ್ಪತ್ತರ ಹರೆಯದ 100 ಹೆಣ್ಣುಮಕ್ಕಳು ಸೇರುತ್ತಾರೆ. ಹದಿನೈದು ವರ್ಷಗಳಲ್ಲಿ 40 ಮಂದಿಗೆ ಬಿಡದ ನೋವು ಅಂಟಿಕೊಳ್ಳುತ್ತದೆ. ಅವರಲ್ಲಿ 30 ಮಂದಿ ತಾಳಲಾರದೆ ಕೆಲಸ ಬಿಡುತ್ತಾರೆ. ಅವರ ಜಾಗಕ್ಕೆ ನೋವಿಲ್ಲದ 30 ಹೊಸಬರು ಬರುತ್ತಾರೆ. ಈಗ ಯಾರಾದರೂ ಬಂದು ಎಣಿಸಿದರೆ ಸಿಗುವ ಉತ್ತರ: ನೂರಕ್ಕೆ ಹತ್ತು. ನಿಜವಾಗಿ ನೋವು ತಿಂದವರು, ಮೊದಲು ಸೇರಿದ ನೂರರಲ್ಲಿ ನಲವತ್ತು. ಸುಳ್ಳು ಯಾರೂ ಹೇಳಿಲ್ಲ. ಆದರೂ ಉತ್ತರ ತಪ್ಪು!

ವಿಜ್ಞಾನಿಗಳು ಇದನ್ನು ‘ಆರೋಗ್ಯವಂತ ಕಾರ್ಮಿಕರ ಪರಿಣಾಮ’ ಎನ್ನುತ್ತಾರೆ. ಕಷ್ಟದ ಕಸುಬುಗಳಲ್ಲಿ ಗಟ್ಟಿಮುಟ್ಟಾದವರು ಮಾತ್ರ ಉಳಿಯುತ್ತಾರೆ, ಬಳಲಿದವರು ಹೊರಬೀಳುತ್ತಾರೆ, ಆದ್ದರಿಂದ ಆ ಕಸುಬೇ ಆರೋಗ್ಯಕರ ಎಂಬ ಭ್ರಮೆ ಹುಟ್ಟುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಓಗಲ್ 1885ರಷ್ಟು ಹಿಂದೆಯೇ ಗುರುತಿಸಿದ್ದ.

ಹೊರಬಿದ್ದವರು ಎಲ್ಲಿಗೆ ಹೋಗುತ್ತಾರೆ? ಕೆಲವರು ಅದೇ ಬಡಾವಣೆಯಲ್ಲಿ ಮನೆಗೆಲಸಕ್ಕೆ, ಅಗರಬತ್ತಿ ಹೊಸೆಯುವುದಕ್ಕೆ ಹೋಗುತ್ತಾರೆ. ಕೆಲವರು ತುಮಕೂರು, ಮಂಡ್ಯ, ಕೋಲಾರ, ರಾಯಚೂರಿನ ಕಡೆಯ ತಮ್ಮ ಹಳ್ಳಿಗೆ ಮರಳುತ್ತಾರೆ. ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರು ರೈಲು ಹತ್ತುತ್ತಾರೆ. ನೋವು ಹುಟ್ಟಿದ್ದು ಪೀಣ್ಯದಲ್ಲಿ, ಅದರ ವಿಳಾಸ ಮಾತ್ರ ಸಾವಿರ ಕಿಲೋಮೀಟರ್ ದೂರದ ಹಳ್ಳಿಯ ಜಗಲಿ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ‘ನಿಮ್ಮ ಹಿಂದಿನ ಕೆಲಸ ಏನಿತ್ತು’ ಎಂದು ಕೇಳುವವರಿಲ್ಲದಿದ್ದರೆ ಎರಡಕ್ಕೂ ನಂಟು ಕಾಣುವುದೇ ಇಲ್ಲ.

ಪಟ್ಟಿಯಲ್ಲಿ ಜಾಗವಿಲ್ಲ

1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ 29 ಕಸುಬಿನ ಕಾಯಿಲೆಗಳ ಪಟ್ಟಿಯಿತ್ತು. ಸೀಸದ ವಿಷ, ಸಿಲಿಕೋಸಿಸ್, ಗದ್ದಲದ ಕಿವುಡು ಎಲ್ಲ ಅದರಲ್ಲಿದ್ದವು. ಸೊಂಟ, ಕತ್ತು, ಭುಜಗಳ ನೋವು ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ವರದಿ ಮಾಡುವವರಿಲ್ಲ, ವರದಿ ಇಲ್ಲದ್ದಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದಕ್ಕೆ ಪರಿಹಾರವೂ ಇಲ್ಲ. ಅದೇ ಕಾಯಿದೆಯ 44ನೇ ಕಲಮು, ನಿಂತು ದುಡಿಯುವವರಿಗೆ ಬಿಡುವಿದ್ದಾಗ ಕೂರಲು ವ್ಯವಸ್ಥೆ ಇರಬೇಕೆಂದು ಹೇಳಿತ್ತು. ಅಂಗಡಿಗಳಲ್ಲಿ ನಿಂತು ದುಡಿಯುವವರಿಗೆ ಕೂರುವ ಹಕ್ಕು ಕೇರಳದಲ್ಲಿ ಸಿಕ್ಕಿದ್ದು 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ.

2025ರ ನವೆಂಬರ್ 21ರಂದು ಹಳೆಯ ಕಾಯಿದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದವು. 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಆಗ ಕೇಂದ್ರ ಸರ್ಕಾರ ಪ್ರಕಟಿಸಿತು. ಒಳ್ಳೆಯದೇ. ಆದರೆ ನೋವಿನಿಂದಾಗಿ ಮೂವತ್ತೈದಕ್ಕೇ ಗೇಟು ದಾಟಿದವರು ಈ ತಪಾಸಣೆಯ ಸಾಲಿನಲ್ಲಿ ಇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಪಟ್ಟಿಗಿಂತ ನಡಿಗೆ ಮೇಲು

ಸೊಂಟನೋವಿನ ಚಿಕಿತ್ಸೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮೊದಲ ಮಾರ್ಗಸೂಚಿಯನ್ನು 2023ರ ಡಿಸೆಂಬರ್‌ನಲ್ಲಿ ಹೊರಡಿಸಿತು. ನೋವಿನ ಬಗ್ಗೆ ತಿಳಿವಳಿಕೆ, ಕ್ರಮವಾದ ವ್ಯಾಯಾಮ, ಕೆಲವು ಬಗೆಯ ಭೌತಚಿಕಿತ್ಸೆ, ಮನಸ್ಸಿನ ಒತ್ತಡ ಇಳಿಸುವ ಸಲಹೆ ಇವು ಅದರಲ್ಲಿವೆ. ಸೊಂಟಕ್ಕೆ ಪಟ್ಟಿ ಕಟ್ಟುವುದು, ತೂಕ ತೂಗುಹಾಕಿ ಎಳೆಯುವುದು, ಅಫೀಮು ಜಾತಿಯ ಔಷಧಿ ಇವುಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬೇಡಿ ಎಂದೂ ಹೇಳಿದೆ. ತಿಂಗಳುಗಟ್ಟಲೆ ಮಲಗಿ ವಿಶ್ರಾಂತಿ ಪಡೆದರೆ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗುವುದರಿಂದ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು.

ಕೆಲವು ಲಕ್ಷಣಗಳಿದ್ದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು: ಕಾಲಿನಲ್ಲಿ ಶಕ್ತಿ ಕುಂದುವುದು ಅಥವಾ ಜೋಮು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಆರಂಭವಾದ ನೋವು. ಇಎಸ್‌ಐ ಕಾರ್ಡು ಇರುವವರಿಗೆ ಪೀಣ್ಯ ಮತ್ತು ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಅಲ್ಲಿ ತಾನು ಮಾಡುವ ಕೆಲಸ ಏನು, ಎಷ್ಟು ಗಂಟೆ ನಿಲ್ಲುತ್ತೇನೆ ಎಂಬುದನ್ನು ರೋಗಿಯೇ ಬಾಯಿಬಿಟ್ಟು ಹೇಳಿ ಚೀಟಿಯಲ್ಲಿ ಬರೆಸುವುದು ಒಳ್ಳೆಯದು.

ಮಕ್ಕಳ ಬೆನ್ನು

ಬೆನ್ನುನೋವು ದೊಡ್ಡವರ ಸ್ವತ್ತಲ್ಲ. ಹೈಸ್ಕೂಲು ಮಕ್ಕಳಲ್ಲೂ ಅದು ಸಾಮಾನ್ಯ. ಶಾಲಾ ಚೀಲ ಮಗುವಿನ ತೂಕದ ಶೇ 10 ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಸುತ್ತೋಲೆ ಹೊರಡಿಸಿತು. ಅದರಂತೆ ಒಂದು-ಎರಡನೇ ತರಗತಿಗೆ ಹೆಚ್ಚೆಂದರೆ 2 ಕಿಲೊ, ಒಂಬತ್ತು-ಹತ್ತನೇ ತರಗತಿಗೆ 5 ಕಿಲೊ. ಅಡುಗೆಮನೆಯ ತಕ್ಕಡಿಯಲ್ಲೋ ಅಂಗಡಿಯಲ್ಲೋ ಒಮ್ಮೆ ತೂಗಿ ನೋಡಬಹುದು. ಚೀಲಕ್ಕಿಂತಲೂ ಹೆಚ್ಚು ಗಮನ ಕೊಡಬೇಕಾದದ್ದು ಕೂತಲ್ಲೇ ಕಳೆಯುವ ಹೊತ್ತಿಗೆ. ಶಾಲೆ, ಟ್ಯೂಷನ್, ಹೋಂವರ್ಕ್, ಮೊಬೈಲ್ ಎಲ್ಲ ಸೇರಿದರೆ ಮಗು ಕೂರುವುದು ಅಪ್ಪನ ಪಾಳಿಗಿಂತ ಹೆಚ್ಚಾಗಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದು, ಸಂಜೆ ಒಂದು ಗಂಟೆ ಬಯಲಿನಲ್ಲಿ ಆಟ, ಸಾಕಷ್ಟು ನಿದ್ದೆ ಇವಕ್ಕಿಂತ ಅಗ್ಗದ ಔಷಧಿ ಬೇರಿಲ್ಲ.

ಮನೆಯಲ್ಲೇ ಒಂದು ಪ್ರಾಜೆಕ್ಟ್

ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ಇಲ್ಲೊಂದು ವಿಷಯವಿದೆ. ಅಮ್ಮ, ಅಪ್ಪ, ಅಜ್ಜಿ, ಚಿಕ್ಕಪ್ಪ, ಒಪ್ಪಿದರೆ ಪಕ್ಕದ ಮನೆಯವರು ಹೀಗೆ ಹತ್ತು ಜನ ದೊಡ್ಡವರನ್ನು ನಾಲ್ಕು ಪ್ರಶ್ನೆ ಕೇಳಿ. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇರುವ ನೋವು ಇದೆಯೇ? ಎಲ್ಲಿ? ಈಗ ಏನು ಕೆಲಸ? ಇದಕ್ಕೆ ಮೊದಲು ಏನು ಕೆಲಸ ಮಾಡುತ್ತಿದ್ದಿರಿ, ಅದನ್ನು ಬಿಟ್ಟದ್ದೇಕೆ? ಹೆಸರು ಬರೆಯಬೇಡಿ. ವಯಸ್ಸು, ಹೆಣ್ಣು ಅಥವಾ ಗಂಡು, ಕೆಲಸ ಇಷ್ಟನ್ನು ಕೋಷ್ಟಕದಲ್ಲಿ ತುಂಬಿ. ತರಗತಿಯ ನಲವತ್ತು ಮಕ್ಕಳು ಹೀಗೆ ಮಾಡಿದರೆ ನಾನೂರು ಜನರ ಲೆಕ್ಕ ಸಿಗುತ್ತದೆ.

ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಕಾರ್ಖಾನೆಯ ದಾಖಲೆಯಲ್ಲಿ, ಆಸ್ಪತ್ರೆಯ ಪುಸ್ತಕದಲ್ಲಿ ಎಲ್ಲೂ ಕಾಣದ ಹತ್ತು-ಹದಿನೈದು ವರ್ಷಗಳ ದುಡಿಮೆ ಆ ಉತ್ತರದಲ್ಲಿರುತ್ತದೆ. ‘ಮೊದಲು ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ, ಆಮೇಲೆ ಆಗಲಿಲ್ಲ’ ಎಂದು ತಾಯಿ ಹೇಳುವ ಒಂದು ಸಾಲನ್ನು ಮಗ ಅಥವಾ ಮಗಳು ಅಂದು ಮೊದಲ ಬಾರಿಗೆ ಬರೆದುಕೊಳ್ಳಬಹುದು.